25 ಪಟ್ಟೋ, 625 ಪಟ್ಟೋ? ಟ್ರಾನ್ಸ್‌ಫಾರ್ಮರ್ ಆಚೆ ಇರುವ 8 ಓಮ್ ಈಚೆಗೆ ಎಷ್ಟಾಗಿ ಕಾಣುತ್ತದೆ?

ಹೊಸಬೆಸುಗೆ | ಶನಿವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಹಳೆಯ ವಾಲ್ವ್ (ಟ್ರಾನ್ಸಿಸ್ಟರಿಗೆ ಮುಂಚಿನ ಗಾಜಿನ ಕೊಳವೆ) ರೇಡಿಯೊ ಒಂದನ್ನು ಬಿಚ್ಚಿದಾಗ ಒಂದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ (ವಾಲ್ವಿಗೂ ಸ್ಪೀಕರಿಗೂ ನಡುವೆ ಕೂರುವುದು) ಸಿಕ್ಕಿದೆ. ಮೇಲಿನ ಚೀಟಿ ಪೂರ್ತಿ ಅಳಿಸಿಹೋಗಿದೆ. ಇದನ್ನೇ ಹಾಕಿ ಒಂದೇ ಒಂದು 6ವಿ6 ವಾಲ್ವಿನ ಪುಟ್ಟ ಆಂಪ್ಲಿಫೈಯರ್ ಮಾಡಬೇಕು ಅಂತ ಆಸೆ.

ವಾಲ್ವಿನ ಡೇಟಾಶೀಟಿನಲ್ಲಿ 250 ವೋಲ್ಟಿಗೆ ಲೋಡ್ 5000 ಓಮ್ ಇರಬೇಕು ಅಂತ ಇದೆ. ನಾನು ನೋಡುತ್ತಿರುವ ನಕ್ಷೆಯಲ್ಲಿ 25:1 ಟ್ರಾನ್ಸ್‌ಫಾರ್ಮರ್, 8 ಓಮ್ ಸ್ಪೀಕರ್ ತೋರಿಸಿದ್ದಾರೆ. 25ನ್ನು 8ರಿಂದ ಗುಣಿಸಿದರೆ 200 ಅಲ್ವಾ? ಮಲ್ಟಿಮೀಟರ್ ಹಿಡಿದು ಪ್ರೈಮರಿ (ವಾಲ್ವ್ ಕಡೆಯ ಸುರುಳಿ) ನೋಡಿದೆ, 210 ಓಮ್ ಬಂತು! ಲೆಕ್ಕ ಸರಿಯಾಗಿಯೇ ಕೂತಿದೆ. ಸೆಕೆಂಡರಿ (ಸ್ಪೀಕರ್ ಕಡೆಯ ಸುರುಳಿ) 0.6 ಓಮ್ ತೋರಿಸುತ್ತಿದೆ.

ಹಾಗಾದರೆ ಆ 5000 ಎಲ್ಲಿಂದ ಬಂತು? ಡೇಟಾಶೀಟ್ ತಪ್ಪೋ, ನನ್ನ ಟ್ರಾನ್ಸ್‌ಫಾರ್ಮರ್ ಒಳಗೆ ಸುಟ್ಟು ರೋಧ ಕಡಿಮೆಯಾಗಿದೆಯೋ?

ತಂತಿಸುರುಳಿ | ಶನಿವಾರ ರಾತ್ರಿ 9:40

ಎರಡೂ ಅಲ್ಲ. ನಿಮಗೆ ಸಿಕ್ಕಿದ್ದು ಬರೀ ಕಾಕತಾಳೀಯ, ಅದೂ ಬಹಳ ಕೆಟ್ಟ ಜಾತಿಯದು. ತಪ್ಪು ಲೆಕ್ಕಕ್ಕೆ ಸರಿಯಾದ ಉತ್ತರದ ವೇಷ ಹಾಕಿಸಿಬಿಟ್ಟಿದೆ.

ಒಂದೇ ಪ್ರಶ್ನೆ. ಆ 210 ನೋಡಿದಾಗ ಸ್ಪೀಕರ್ ಸಿಕ್ಕಿಸಿತ್ತಾ?

ಹೊಸಬೆಸುಗೆ | ಶನಿವಾರ ರಾತ್ರಿ 9:44

ಇಲ್ಲ ಸರ್. ಟ್ರಾನ್ಸ್‌ಫಾರ್ಮರ್ ಒಂದನ್ನೇ ಮೇಜಿನ ಮೇಲೆ ಇಟ್ಟು ನೋಡಿದ್ದು.

…ಓ. ಸ್ಪೀಕರೇ ಇಲ್ಲದಿದ್ದರೆ ಅದರ 8 ಓಮ್ ಮೀಟರಿಗೆ ಹೇಗೆ ಗೊತ್ತಾಗಬೇಕು.

ತಂತಿಸುರುಳಿ | ಶನಿವಾರ ರಾತ್ರಿ 9:58

ಅದೇ. ಈಗ ಸ್ಪೀಕರ್ ಸಿಕ್ಕಿಸಿ ನೋಡಿ, ಆಗಲೂ 210 ಬರುತ್ತದೆ. ಸೆಕೆಂಡರಿಯ ಎರಡು ತಂತಿ ಸೇರಿಸಿ ಶಾರ್ಟ್ ಮಾಡಿದರೂ 210. ಮೀಟರ್ ಓಮ್ ನೋಡುವಾಗ ಡಿಸಿ ಕಳಿಸುತ್ತದೆ. ಡಿಸಿ ಕರೆಂಟ್ ಬದಲಾಗುವುದಿಲ್ಲ, ಹಾಗಾಗಿ ಕೋರಿನ (ಸುರುಳಿಗಳ ಒಳಗಿನ ಕಬ್ಬಿಣದ) ಕಾಂತಕ್ಷೇತ್ರವೂ ನಿಂತ ನೀರಿನ ಹಾಗೆ ಇರುತ್ತದೆ, ಸೆಕೆಂಡರಿಗೆ ಏನೂ ದಾಟುವುದಿಲ್ಲ. 210 ಅನ್ನುವುದು ಪ್ರೈಮರಿಯ ಉದ್ದನೆಯ ತೆಳ್ಳಗಿನ ತಾಮ್ರದ ತಂತಿಯ ರೋಧ, ಅಷ್ಟೇ. ವಾಲ್ವಿಗೆ ಬೇಕಾದ 5000 ಓಮ್ ಆ ತಂತಿಯಲ್ಲಿ ಇಲ್ಲ. ಎಸಿ ಹರಿಯುವಾಗ ಮಾತ್ರ ಅದು ಕಾಣಿಸಿಕೊಳ್ಳುತ್ತದೆ.

ಟ್ರಾನ್ಸ್‌ಫಾರ್ಮರಿಗೆ ಸ್ವಂತದ್ದು ಅಂತ ಒಂದು ಓಮ್ ಇಲ್ಲ. ಇರುವುದು ಒಂದು ಅನುಪಾತ. ಓಮ್ ಕೊಡುವುದು ಆಚೆ ಸಿಕ್ಕಿಸಿದ ಲೋಡ್.

ಲೆಕ್ಕಪಟ್ಟಿ | ಶನಿವಾರ ರಾತ್ರಿ 10:21

ಸೂತ್ರಕ್ಕೆ ಮುಂಚೆ ಅಂಕಿ ಹಾಕಿ ನೋಡೋಣ. 25:1 ಅಂತಲೇ ಇಟ್ಟುಕೊಳ್ಳಿ.

ಪ್ರೈಮರಿಗೆ 50 ವೋಲ್ಟ್ ಎಸಿ ಕೊಟ್ಟಿರಿ. ಸೆಕೆಂಡರಿಯಲ್ಲಿ 50 ÷ 25 = 2 ವೋಲ್ಟ್. ಅಲ್ಲಿ 8 ಓಮ್ ಸ್ಪೀಕರ್ ಇದೆ, ಹಾಗಾಗಿ 2 ÷ 8 = 0.25 ಆಂಪಿಯರ್ ಹರಿಯುತ್ತದೆ. ಕರೆಂಟ್ ಮಾತ್ರ ಉಲ್ಟಾ. ಸೆಕೆಂಡರಿಯಲ್ಲಿ 0.25 ಹರಿದರೆ ಪ್ರೈಮರಿಯಲ್ಲಿ ಅದರ 25ರಲ್ಲಿ ಒಂದು ಪಾಲು, 0.01 ಆಂಪಿಯರ್ ಸಾಕು.

ಈಗ ಸೋರ್ಸ್ ಜಾಗದಲ್ಲಿ ನಿಂತು ನೋಡಿ. ನೀವು 50 ವೋಲ್ಟ್ ಕೊಟ್ಟಿರಿ, 0.01 ಆಂಪಿಯರ್ ಹೋಯಿತು. ಓಮ್ ನಿಯಮದ ಪ್ರಕಾರ ಎದುರಿಗೆ ಇರುವುದು 50 ÷ 0.01 = 5000 ಓಮ್. ಆಚೆ ಟ್ರಾನ್ಸ್‌ಫಾರ್ಮರ್ ಇದೆಯೋ, ಸ್ಪೀಕರ್ ಇದೆಯೋ, ಸುಮ್ನೆ ಒಂದು 5000 ಓಮ್ ರೆಸಿಸ್ಟರ್ ಇದೆಯೋ, ಸೋರ್ಸಿಗೆ ಗೊತ್ತಾಗುವುದಿಲ್ಲ.

25 ಎರಡು ಸಲ ಬಂತು ನೋಡಿ. ವೋಲ್ಟೇಜ್ ಇಳಿಸುವಾಗ ಒಂದು ಸಲ, ಕರೆಂಟ್ ಕಡಿಮೆಯಾಗುವಾಗ ಇನ್ನೊಂದು ಸಲ. ಅದಕ್ಕೇ 25 × 25 = 625. 625 × 8 = 5000.

ಸೂತ್ರ ಬೇಕಿದ್ದರೆ:
ಕಾಣುವ ರೋಧ = (ಪ್ರೈಮರಿ ಸುತ್ತು ÷ ಸೆಕೆಂಡರಿ ಸುತ್ತು)² × ಲೋಡ್

ತಾಳೆಗೆ ಪವರ್ ನೋಡಿ. ಈಚೆ 50 × 0.01 = 0.5 ವ್ಯಾಟ್, ಆಚೆ 2 × 0.25 = 0.5 ವ್ಯಾಟ್. ನೀವು ಹೇಳಿದ ಹಾಗೆ 200 ಓಮ್ ಆಗಿದ್ದರೆ ಈಚೆ 50² ÷ 200 = 12.5 ವ್ಯಾಟ್ ಒಳಗೆ ಹೋಗಿ ಸ್ಪೀಕರಿಗೆ ಬರೀ ಅರ್ಧ ವ್ಯಾಟ್ ಸಿಗುತ್ತಿತ್ತು. ಉಳಿದ 12 ವ್ಯಾಟಿನಲ್ಲಿ ಟ್ರಾನ್ಸ್‌ಫಾರ್ಮರ್ ಬೆಂದು ಹೋಗುತ್ತಿತ್ತು.

ಅರೆಬರೆ | ಶನಿವಾರ ರಾತ್ರಿ 10:50

ಲೆಕ್ಕ ಒಪ್ಪುತ್ತೇನೆ. ಆದರೂ "ವರ್ಗ" ಅನ್ನುವುದು ತಲೆಗೆ ಹೋಗುತ್ತದೆ, ಮನಸ್ಸಿಗೆ ಹೋಗಲ್ಲ. ಒಂದು ತಂತಿಯೂ ಈಚೆಯಿಂದ ಆಚೆಗೆ ಹೋಗಿಲ್ಲ, ಆದರೂ ಆಚೆಯ 8 ಓಮ್ ಈಚೆಗೆ ಬಂದು ಕೂರುತ್ತದೆ ಅಂದರೆ ಏನರ್ಥ?

ತಂತಿಸುರುಳಿ | ಶನಿವಾರ ರಾತ್ರಿ 11:15

ಸನ್ನೆಗೋಲು ನೆನಪಿಸಿಕೊಳ್ಳಿ. ಒಂದು ಕಡೆ ತೋಳು 5 ಪಟ್ಟು ಉದ್ದ, ಗಿಡ್ಡ ತುದಿ ಒಂದು ಸ್ಪ್ರಿಂಗಿನ ಮೇಲೆ ಕೂತಿದೆ. ಉದ್ದನೆಯ ತುದಿಯನ್ನು ನೀವು 5 ಸೆಂಟಿಮೀಟರ್ ಒತ್ತಿದರೆ ಸ್ಪ್ರಿಂಗ್ 1 ಸೆಂಟಿಮೀಟರ್ ಮಾತ್ರ ಕುಗ್ಗುತ್ತದೆ. ಕಡಿಮೆ ಕುಗ್ಗಿತು, ಅಂದರೆ ಅದು ತಿರುಗಿ ಒತ್ತುವ ಬಲವೂ ಕಡಿಮೆ. ಆ ಕಡಿಮೆ ಬಲವೂ ನಿಮ್ಮ ಕೈಗೆ ಬರುವಷ್ಟರಲ್ಲಿ ಮತ್ತೆ 5ರಲ್ಲಿ ಒಂದಾಗುತ್ತದೆ. ಕೈಗೆ ಆ ಸ್ಪ್ರಿಂಗ್ 25 ಪಟ್ಟು ಮೆತ್ತಗೆ ಅನ್ನಿಸುತ್ತದೆ. ಕೈ ಸ್ಪ್ರಿಂಗನ್ನು ಮುಟ್ಟಲೇ ಇಲ್ಲ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ.

ಟ್ರಾನ್ಸ್‌ಫಾರ್ಮರಿನಲ್ಲಿ ಕೋಲಿನ ಬದಲು ಕೋರಿನ ಕಾಂತಕ್ಷೇತ್ರ ಇದೆ. ಸೆಕೆಂಡರಿಯಲ್ಲಿ ಕರೆಂಟ್ ಹರಿದ ಕೂಡಲೇ ಅದು ಕ್ಷೇತ್ರವನ್ನು ತಗ್ಗಿಸಲು ನೋಡುತ್ತದೆ. ಆ ಕೊರತೆ ತುಂಬಲು ಪ್ರೈಮರಿ ಹೆಚ್ಚು ಕರೆಂಟ್ ಎಳೆಯುತ್ತದೆ. ಲೋಡಿನ ಸುದ್ದಿ ಈಚೆಗೆ ಮುಟ್ಟುವುದು ಹೀಗೆ.

ಶಬ್ದಪ್ರಿಯ | ಭಾನುವಾರ ಬೆಳಿಗ್ಗೆ 7:30

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಇಲ್ಲಿ ಎಲ್ಲರೂ ವೋಲ್ಟೇಜ್ ಇಳಿಸುವ ಮಾತೇ ಆಡುತ್ತಿದ್ದೀರಿ. ವೋಲ್ಟೇಜ್ ಏರಿಸಿದರೆ ಶಬ್ದ ಜಾಸ್ತಿ ಆಗಬೇಕಲ್ವಾ? ನಾನು ಫಂಕ್ಷನ್ ಜನರೇಟರಿಗೆ (ಪರೀಕ್ಷೆಗೆ ಬೇಕಾದ ಸಿಗ್ನಲ್ ಕೊಡುವ ಉಪಕರಣ) ಒಂದು 1:10 ಏರಿಸುವ ಟ್ರಾನ್ಸ್‌ಫಾರ್ಮರ್ ಹಾಕಿ 8 ಓಮ್ ಸ್ಪೀಕರ್ ಸಿಕ್ಕಿಸಿದೆ. ಮೊದಲು ಕೇಳುತ್ತಿದ್ದದ್ದೂ ಹೋಯಿತು! ಕಿವಿ ಹಚ್ಚಿದರೆ ಇರುವೆ ನಡೆದ ಹಾಗೆ.

ಲೆಕ್ಕಪಟ್ಟಿ | ಭಾನುವಾರ ಬೆಳಿಗ್ಗೆ 8:05

ಕ್ಷಮೆ ಯಾಕೆ, ನಿಮ್ಮದು ನಮ್ಮ ಉದಾಹರಣೆಗಿಂತ ಚೆನ್ನಾಗಿದೆ.

ಜನರೇಟರಿನ ಒಳರೋಧ ಸಾಮಾನ್ಯವಾಗಿ 50 ಓಮ್. ಏನೂ ಸಿಕ್ಕಿಸದೆ ತುದಿಯಿಂದ ತುದಿಗೆ 20 ವೋಲ್ಟ್ ಕೊಡುವ ಜನರೇಟರ್ ಅಂತ ಇಟ್ಟುಕೊಳ್ಳೋಣ, ಅಂದರೆ ಆರ್‌ಎಂಎಸ್ (ಪವರ್ ಲೆಕ್ಕಕ್ಕೆ ಹಿಡಿಯುವ ವೋಲ್ಟೇಜ್) 7.07 ವೋಲ್ಟ್.

ನೇರವಾಗಿ 8 ಓಮ್ ಸಿಕ್ಕಿಸಿದರೆ ಒಟ್ಟು 58 ಓಮ್. ಸ್ಪೀಕರಿಗೆ ಸುಮಾರು 119 ಮಿಲಿವ್ಯಾಟ್.

1:10 ಏರಿಸುವ ಟ್ರಾನ್ಸ್‌ಫಾರ್ಮರ್ ಹಾಕಿದರೆ ಈಗ ಅನುಪಾತ ಹತ್ತನೇ ಒಂದು, ಅದರ ವರ್ಗ ನೂರನೇ ಒಂದು. 8 ಓಮ್ ಸ್ಪೀಕರ್ ಜನರೇಟರಿಗೆ 0.08 ಓಮ್ ಆಗಿ ಕಾಣುತ್ತದೆ. ಹೆಚ್ಚೂಕಡಿಮೆ ಶಾರ್ಟ್. ಇರುವ ವೋಲ್ಟೇಜ್ ಎಲ್ಲಾ ಒಳಗಿನ 50 ಓಮ್ ನುಂಗುತ್ತದೆ. ಟ್ರಾನ್ಸ್‌ಫಾರ್ಮರ್ ಹತ್ತು ಪಟ್ಟು ಏರಿಸುತ್ತದೆ ನಿಜ, ಏರಿಸಲು ಅದಕ್ಕೆ ಏನು ಉಳಿದಿದೆ? ಸ್ಪೀಕರಿಗೆ 1.6 ಮಿಲಿವ್ಯಾಟ್. ಅದೇ ನಿಮ್ಮ ಇರುವೆ.

ಈಗ ತಿರುಗಿಸಿ. 2.5:1 ಇಳಿಸುವ ಟ್ರಾನ್ಸ್‌ಫಾರ್ಮರ್. 6.25 × 8 = 50 ಓಮ್. ಒಳರೋಧಕ್ಕೆ ಸರಿಸಮ. ಸ್ಪೀಕರಿಗೆ 250 ಮಿಲಿವ್ಯಾಟ್. ವೋಲ್ಟೇಜ್ ಇಳಿಸಿ ಶಬ್ದ ಏರಿಸಿದ ಹಾಗಾಯಿತು.

ಶಬ್ದಪ್ರಿಯ | ಭಾನುವಾರ ಬೆಳಿಗ್ಗೆ 8:20

ಹತ್ತು ವರ್ಷದಿಂದ ತಪ್ಪು ತಿಳಿದುಕೊಂಡಿದ್ದೆ. ಟ್ರಾನ್ಸ್‌ಫಾರ್ಮರ್ ತಿರುಗಿಸಿ ಹಾಕಿ ಈಗಲೇ ನೋಡುತ್ತೇನೆ. 10:1 ಆದರೆ 800 ಓಮ್ ಕಾಣುತ್ತೆ, ಅಷ್ಟು ಬೇಕಿಲ್ಲ, ಆದರೂ ಮೊದಲಿಗಿಂತ ಮೇಲು ಅಲ್ವಾ?

ಲೆಕ್ಕಪಟ್ಟಿ | ಭಾನುವಾರ ಬೆಳಿಗ್ಗೆ 8:31

ಹೌದು, ಸುಮಾರು 55 ಮಿಲಿವ್ಯಾಟ್ ಬರುತ್ತದೆ. ನೇರವಾಗಿ ಸಿಕ್ಕಿಸಿದ್ದಕ್ಕಿಂತ ಕಡಿಮೆ, ಇರುವೆಗಿಂತ ಎಷ್ಟೋ ಜಾಸ್ತಿ.

ಅಲೆಮಾರಿ_ಆಂಟೆನಾ | ಭಾನುವಾರ ಬೆಳಿಗ್ಗೆ 10:02

ವರ್ಗದ ವಿಷಯ ಬಂತಲ್ಲ, ನನ್ನ ಮಾನ ನಾನೇ ಕಳೆದುಕೊಳ್ಳುತ್ತೇನೆ.

ಹವ್ಯಾಸಿ ರೇಡಿಯೊದಲ್ಲಿ ಅರ್ಧ ಅಲೆಯಷ್ಟು ಉದ್ದದ ತಂತಿಗೆ ತುದಿಯಿಂದ ಸಿಗ್ನಲ್ ಕೊಡುವ ಆಂಟೆನಾ ಇದೆ. ತುದಿಯಲ್ಲಿ ಇಂಪೀಡೆನ್ಸ್ (ಎಸಿಗೆ ಎದುರಾಗುವ ರೋಧ) ಬಹಳ ಹೆಚ್ಚು, ಕೆಲವು ಸಾವಿರ ಓಮ್. ರೇಡಿಯೊ ಕೇಳುವುದು 50 ಓಮ್. ನಡುವೆ "49:1" ಟ್ರಾನ್ಸ್‌ಫಾರ್ಮರ್ ಹಾಕಬೇಕು. 49 × 50 = 2450.

ನಾನು ಏನು ಮಾಡಿದೆ? ಫೆರೈಟ್ ಬಳೆ ತಂದು ಒಂದು ಕಡೆ 1 ಸುತ್ತು, ಇನ್ನೊಂದು ಕಡೆ ಲೆಕ್ಕ ಮಾಡಿಕೊಂಡು 49 ಸುತ್ತು. ಬೆರಳು ನೋವು ಬಂತು, ಬಳೆಯಲ್ಲಿ ಜಾಗವೇ ಉಳಿಯಲಿಲ್ಲ. ಆಂಟೆನಾ ಯಾವುದಕ್ಕೂ ಜಗ್ಗಲಿಲ್ಲ. ಆಮೇಲೆ ಗೊತ್ತಾಯಿತು, ಆ 49 ಇಂಪೀಡೆನ್ಸಿನ ಅನುಪಾತ. ಸುತ್ತಿನ ಅನುಪಾತ 7:1. ನಾನು ಸುತ್ತಿದ್ದು 50 ಓಮನ್ನು 1,20,050 ಓಮಿಗೆ ಹೊಂದಿಸುವ ಟ್ರಾನ್ಸ್‌ಫಾರ್ಮರ್!

ಬಾಲನ್‌ಗಳ (ಆಂಟೆನಾಗೆ ಹಾಕುವ ಇಂಥದ್ದೇ ಟ್ರಾನ್ಸ್‌ಫಾರ್ಮರ್) ಮೇಲೆ ಬರೆದಿರುವ 4:1, 9:1 ಕೂಡ ಹೀಗೆಯೇ. ಸುತ್ತು 2:1, 3:1. ಪವರ್ ಟ್ರಾನ್ಸ್‌ಫಾರ್ಮರ್ ಕೆಲಸ ಮಾಡಿ ಬಂದವರಿಗೆ ಅನುಪಾತ ಅಂದರೆ ಸುತ್ತು, ರೇಡಿಯೊ ಜನಕ್ಕೆ ಅನುಪಾತ ಅಂದರೆ ಇಂಪೀಡೆನ್ಸ್. ಯಾವುದು ಅಂತ ಡಬ್ಬಿಯ ಮೇಲೆ ಯಾರೂ ಬರೆಯುವುದಿಲ್ಲ.

ಪರೀಕ್ಷಾರ್ಥಿ | ಭಾನುವಾರ ಮಧ್ಯಾಹ್ನ 12:45

ನನಗೆ ಇಲ್ಲಿ ಒಂದು ತಕರಾರಿದೆ. ಗರಿಷ್ಠ ಪವರ್ ಬೇಕೆಂದರೆ ಲೋಡ್ ಸೋರ್ಸಿನ ಒಳರೋಧಕ್ಕೆ ಸಮ ಇರಬೇಕು, ಜನರೇಟರ್ ಉದಾಹರಣೆಯಲ್ಲಿ ನೀವೇ ತೋರಿಸಿದಿರಿ. 6ವಿ6 ಡೇಟಾಶೀಟ್ ತೆಗೆದು ನೋಡಿದೆ. ಅದರ ಪ್ಲೇಟ್ ರೋಧ, ಅಂದರೆ ವಾಲ್ವಿನ ಒಳರೋಧ, 50,000 ಓಮ್ ಅಂತ ಇದೆ. ಹಾಗಾದರೆ ಲೋಡ್ 50,000 ಇರಬೇಕಿತ್ತು. 5000 ಯಾಕೆ?

ಹಳೇವಾಲ್ವ್ | ಭಾನುವಾರ ಮಧ್ಯಾಹ್ನ 2:10

ಇದು ಒಳ್ಳೆಯ ಪ್ರಶ್ನೆ. ಪರೀಕ್ಷೆಯಲ್ಲಿ ಪಾಸಾದವರು ಕೆಲಸದಲ್ಲಿ ಎಡವುವುದು ಇಲ್ಲೇ.

ಒಳರೋಧಕ್ಕೆ ಸಮ ಮಾಡುವ ನಿಯಮ ಸರಿಯಾಗಬೇಕಾದರೆ ಸೋರ್ಸಿಗೆ ಬೇರೆ ಯಾವ ಮಿತಿಯೂ ಇರಬಾರದು. ವಾಲ್ವಿಗೆ ಎರಡು ಗೋಡೆ ಇದೆ. 250 ವೋಲ್ಟ್ ಪ್ಲೇಟಿಗೆ ಕೊಟ್ಟಿದ್ದೀರಿ, ಸುಮ್ಮನಿದ್ದಾಗ 45 ಮಿಲಿಆಂಪಿಯರ್ ಹರಿಯುತ್ತಿದೆ. ವೋಲ್ಟೇಜ್ ಕೆಳಗೆ 250ಕ್ಕಿಂತ ಜಾಸ್ತಿ ತೂಗಲಾರದು, ಸೊನ್ನೆ ತಗಲುತ್ತದೆ. ಕರೆಂಟ್ ಕೆಳಗೆ 45ಕ್ಕಿಂತ ಜಾಸ್ತಿ ತೂಗಲಾರದು, ಅಲ್ಲೂ ಸೊನ್ನೆ.

ಈಗ ಲೋಡ್ 50,000 ಇಡಿ. ಸ್ವಲ್ಪ ಕರೆಂಟ್ ಅಲುಗಾಡಿದರೆ ಸಾಕು, ವೋಲ್ಟೇಜ್ ಗೋಡೆಗೆ ಬಡಿಯುತ್ತದೆ. ಹೆಚ್ಚೆಂದರೆ 250² ÷ (2 × 50,000) = 0.625 ವ್ಯಾಟ್. ಲೋಡ್ 200 ಓಮ್ ಇಡಿ, ಮೊದಲ ಪೋಸ್ಟಿನ ಲೆಕ್ಕದ ಹಾಗೆ. ಈಗ ಕರೆಂಟ್ ಗೋಡೆಗೆ ಬಡಿಯುತ್ತದೆ. 0.045² × 200 ÷ 2 = 0.2 ವ್ಯಾಟ್. ಎರಡೂ ಗೋಡೆ ಒಟ್ಟಿಗೆ ಮುಟ್ಟುವ ಜಾಗ ಎಲ್ಲಿ? 250 ÷ 0.045 = 5555 ಓಮ್. ಡೇಟಾಶೀಟ್ 5000 ಅನ್ನುತ್ತದೆ, 4.5 ವ್ಯಾಟ್ ಬರುತ್ತದೆ ಅನ್ನುತ್ತದೆ.

ಅದೇ ಡೇಟಾಶೀಟಿನಲ್ಲಿ ಪಕ್ಕದ ಸಾಲು ನೋಡಿ. 180 ವೋಲ್ಟ್, 29 ಮಿಲಿಆಂಪಿಯರಿಗೆ 5500 ಓಮ್. 315 ವೋಲ್ಟ್, 34 ಮಿಲಿಆಂಪಿಯರಿಗೆ 8500 ಓಮ್. ಭಾಗಿಸಿ ನೋಡಿ, ಮೂರೂ ಕಡೆ ಉತ್ತರದ ಸುಮಾರು ಹತ್ತರಲ್ಲಿ ಒಂಬತ್ತು ಪಾಲು. ವಾಲ್ವ್ ಒಂದೇ, ಪ್ಲೇಟ್ ರೋಧದ ಗೊಡವೆ ಇಲ್ಲ, ಲೋಡ್ ಮಾತ್ರ ಬೇರೆ ಬೇರೆ. "6ವಿ6ಗೆ 5000 ಓಮ್" ಅಂತ ಬಾಯಿಪಾಠ ಮಾಡಿದವರು 315 ವೋಲ್ಟಿನ ಸಾಲನ್ನೂ ಒಮ್ಮೆ ಓದಲಿ.

ಪರೀಕ್ಷಾರ್ಥಿ | ಭಾನುವಾರ ಮಧ್ಯಾಹ್ನ 2:32

ಒಪ್ಪಿದೆ. ಹಾಗಾದರೆ ಪುಷ್‌ಪುಲ್‌ನಲ್ಲಿ (ಎರಡು ವಾಲ್ವ್ ಎದುರುಬದುರಾಗಿ ಒಂದೇ ಟ್ರಾನ್ಸ್‌ಫಾರ್ಮರ್ ನಡೆಸುವ ಜೋಡಣೆ) ಪ್ಲೇಟಿನಿಂದ ಪ್ಲೇಟಿಗೆ 8000 ಓಮ್ ಅಂದರೆ ಒಂದೊಂದು ವಾಲ್ವಿಗೆ 4000 ಅಲ್ವಾ?

ಹಳೇವಾಲ್ವ್ | ಭಾನುವಾರ ಮಧ್ಯಾಹ್ನ 2:50

ಎರಡೂ ವಾಲ್ವ್ ಪೂರ್ತಿ ಹೊತ್ತು ದುಡಿಯುವ ಕ್ಲಾಸ್ ಎ ಆದರೆ ಹೌದು, 4000. ಒಂದು ದುಡಿಯುವಾಗ ಇನ್ನೊಂದು ಪೂರ್ತಿ ಮಲಗುವ ಕ್ಲಾಸ್ ಬಿ ಆದರೆ ಅರ್ಧ ಸುರುಳಿ ಮಾತ್ರ ಕೆಲಸದಲ್ಲಿದೆ. ಅರ್ಧ ಸುತ್ತು, ವರ್ಗ ಮಾಡಿದರೆ ಕಾಲು. 2000 ಓಮ್. ವರ್ಗ ಇಲ್ಲೂ ಬಿಡುವುದಿಲ್ಲ.

ಹೊಸಬೆಸುಗೆ | ಭಾನುವಾರ ಸಂಜೆ 5:15

ಒಂದು ರಾತ್ರಿ ಮಲಗಿ ಎದ್ದು, ಮಧ್ಯಾಹ್ನ ಸ್ವಲ್ಪ ಕೆಲಸ ಮುಗಿಸಿ ಬರುವಷ್ಟರಲ್ಲಿ ಇಷ್ಟೆಲ್ಲಾ! ಎಲ್ಲಾ ಓದಿದೆ, ಎರಡು ಸಲ.

ಒಂದು ಸಂಶಯ ಹುಟ್ಟಿತು. 25:1 ಅನ್ನುವುದು ನಕ್ಷೆಯಲ್ಲಿದ್ದದ್ದು. ನನ್ನ ಕೈಲಿರುವುದು ಬೇರೆ ಯಾವುದೋ ರೇಡಿಯೊದ್ದು. ಅದೂ 25:1 ಅಂತ ನಾನು ಸುಮ್ನೆ ಅಂದುಕೊಂಡಿದ್ದೆ. ನಿಜವಾದ ಅನುಪಾತ ತಿಳಿಯುವುದು ಹೇಗೆ? ಬಿಚ್ಚಿ ಸುತ್ತು ಎಣಿಸಬೇಕಾ?

ತಂತಿಸುರುಳಿ | ಭಾನುವಾರ ಸಂಜೆ 5:40

ಬಿಚ್ಚಬೇಡಿ! 12 ವೋಲ್ಟ್ ಎಸಿ ಕೊಡುವ ಸಣ್ಣ ಟ್ರಾನ್ಸ್‌ಫಾರ್ಮರ್ ಇದ್ದರೆ ಸಾಕು. ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಯಾವ ಸರ್ಕೀಟಿಗೂ ಸೇರಿಸದೆ, ಸ್ಪೀಕರೂ ಇಲ್ಲದೆ, ಆ 12 ವೋಲ್ಟನ್ನು ಪ್ರೈಮರಿಗೆ ಕೊಡಿ. ಪ್ರೈಮರಿಯ ಮೇಲೆ ನಿಜಕ್ಕೂ ಎಷ್ಟಿದೆ, ಸೆಕೆಂಡರಿಯಲ್ಲಿ ಎಷ್ಟು ಬಂತು, ಎರಡನ್ನೂ ಮೀಟರಿನ ಎಸಿ ರೇಂಜಿನಲ್ಲಿ ನೋಡಿ ಭಾಗಿಸಿ.

ಪ್ರೈಮರಿಗೇ ಕೊಡಿ ಅಂದದ್ದಕ್ಕೆ ಕಾರಣ ಇದೆ. ತಪ್ಪಿ ಸೆಕೆಂಡರಿಗೆ 12 ವೋಲ್ಟ್ ಕೊಟ್ಟರೆ 25:1 ಇದ್ದರೂ ಇನ್ನೊಂದು ಕಡೆ 300 ವೋಲ್ಟ್ ಬರುತ್ತದೆ. ಅನುಪಾತ ಇನ್ನೂ ಜಾಸ್ತಿ ಇದ್ದರೆ ಅದಕ್ಕಿಂತಲೂ ಹೆಚ್ಚು. ತೆಳ್ಳಗಿನ ತಂತಿ, ರೋಧ ಜಾಸ್ತಿ ಇರುವ ಕಡೆ ಪ್ರೈಮರಿ. ನಿಮ್ಮ 210 ಓಮ್ ಈಗ ಉಪಯೋಗಕ್ಕೆ ಬಂತು.

ಹಾಗೇ ಪ್ರೈಮರಿಗೆ ಎಷ್ಟು ಕರೆಂಟ್ ಹೋಗುತ್ತಿದೆ ಅಂತಲೂ ನೋಡಿಡಿ. ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿದರೆ ಎಷ್ಟು ಓಮ್ ತೋರಿಸುತ್ತದೆ, ಅದನ್ನೂ ತಿಳಿಸಿ. 0.6ರಲ್ಲಿ ಕಡ್ಡಿಯ ಪಾಲು ಎಷ್ಟು ಅಂತ ನೋಡಬೇಕು.

ಹೊಸಬೆಸುಗೆ | ಭಾನುವಾರ ರಾತ್ರಿ 8:25

ಮಾಡಿದೆ.

ಪ್ರೈಮರಿ ಮೇಲೆ 12.8 ವೋಲ್ಟ್. ಸೆಕೆಂಡರಿಯಲ್ಲಿ 0.32 ವೋಲ್ಟ್. ಕರೆಂಟ್ 4 ಮಿಲಿಆಂಪಿಯರ್. ಕಡ್ಡಿಗಳು ಒಂದಕ್ಕೊಂದು ಮುಟ್ಟಿದಾಗ 0.3 ಓಮ್, ಅಂದರೆ ಸೆಕೆಂಡರಿ ನಿಜಕ್ಕೂ 0.3 ಓಮ್.

12.8 ÷ 0.32 = 40! ವರ್ಗ 1600. 8 ಓಮ್ ಸ್ಪೀಕರ್ ಹಾಕಿದರೆ 12,800 ಓಮ್. 5000ಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಇದು ಬೇರೆ ಯಾವುದೋ ವಾಲ್ವಿನದ್ದು ಅಂತ ಎತ್ತಿಡಲಾ?

ಹಳೇವಾಲ್ವ್ | ಭಾನುವಾರ ರಾತ್ರಿ 8:41

ಎತ್ತಿಡಬೇಡಿ. 5000ನ್ನು 1600ರಿಂದ ಭಾಗಿಸಿ.

ಹೊಸಬೆಸುಗೆ | ಭಾನುವಾರ ರಾತ್ರಿ 8:44

3.125. ಮೂರು ಚಿಲ್ಲರೆ ಓಮ್. ಹಾಗೆ ಸ್ಪೀಕರ್ ಇರುತ್ತಾ?

ಹಳೇವಾಲ್ವ್ | ಭಾನುವಾರ ರಾತ್ರಿ 9:03

ಇರುತ್ತಿತ್ತು. ಹಳೆಯ ರೇಡಿಯೊಗಳಲ್ಲಿ 3.2 ಓಮ್ ಸ್ಪೀಕರ್ ಬಹಳ ಸಾಮಾನ್ಯ. 1600 × 3.2 = 5120. ನಿಮ್ಮ ಟ್ರಾನ್ಸ್‌ಫಾರ್ಮರ್ 5000 ಓಮಿನದ್ದೇ, ಆದರೆ ಅದರ ಜೋಡಿ ಸ್ಪೀಕರ್ ಜೊತೆಯಲ್ಲಿ ಇದ್ದಾಗ ಮಾತ್ರ. ಸ್ಪೀಕರ್ ಬದಲಾಯಿತು, ಅದು 12,800 ಓಮಿನದ್ದಾಯಿತು. ತಂತಿಸುರುಳಿಯವರು ಮೊದಲ ದಿನವೇ ಹೇಳಿದ್ದು ಇದನ್ನೇ.

ನಿಮ್ಮ ಹತ್ತಿರ 8 ಓಮ್ ಸ್ಪೀಕರ್ ಎಷ್ಟಿವೆ?

ಹೊಸಬೆಸುಗೆ | ಭಾನುವಾರ ರಾತ್ರಿ 9:06

ಎರಡು! ಪ್ಯಾರಲಲ್ ಹಾಕಿದರೆ 4 ಓಮ್. 6400 ಓಮ್ ಕಾಣುತ್ತದೆ. ಆಗುತ್ತಾ?

ಹಳೇವಾಲ್ವ್ | ಭಾನುವಾರ ರಾತ್ರಿ 9:20

ಧಾರಾಳ ಆಗುತ್ತದೆ. 5000 ಅನ್ನುವುದೇನು ಗಾಜಿನ ಬಳೆಯಲ್ಲ, ಸ್ವಲ್ಪ ಆಚೀಚೆ ಆದರೆ ಒಡೆಯುವುದಿಲ್ಲ. 8 ಓಮ್ ಒಂದೇ ಹಾಕಿದರೆ ವೋಲ್ಟೇಜ್ ಗೋಡೆ 250² ÷ 25,600, ಅಂದರೆ 2.4 ವ್ಯಾಟಿಗೇ ಅಡ್ಡ ಬರುತ್ತದೆ. ಎರಡು ಹಾಕಿದರೆ 4.9ರವರೆಗೆ ಜಾಗ ಇದೆ. ಇವು ಕಾಗದದ ಮೇಲಿನ ಮಿತಿ, ಕೈಗೆ ಸಿಗುವುದು ಕಡಿಮೆ.

ಸ್ಪೀಕರಿನ "8 ಓಮ್" ಅನ್ನುವುದೂ ಒಂದು ಹೆಸರು ಮಾತ್ರ ಅನ್ನುವುದು ನೆನಪಿರಲಿ. ಮೀಟರಿನಲ್ಲಿ ಆರೇಳು ಓಮ್ ತೋರಿಸುತ್ತದೆ, ಅನುರಣನದ ಜಾಗದಲ್ಲಿ ಅದರ ಎಷ್ಟೋ ಪಟ್ಟು ಏರುತ್ತದೆ. ಅದು ಏರಿಳಿದ ಹಾಗೆಲ್ಲಾ ವಾಲ್ವಿಗೆ ಕಾಣುವುದೂ 1600 ಪಟ್ಟು ಏರಿಳಿಯುತ್ತದೆ.

ಲೆಕ್ಕಪಟ್ಟಿ | ಭಾನುವಾರ ರಾತ್ರಿ 9:48

ತಂತಿಯ ರೋಧವನ್ನೂ ಸೇರಿಸಿಬಿಡೋಣ, ಇಲ್ಲದಿದ್ದರೆ ನನಗೆ ನಿದ್ದೆ ಬರಲ್ಲ. ಸೆಕೆಂಡರಿಯ 0.3 ಓಮ್ ಕೂಡ ಲೋಡಿನ ಜೊತೆಗೇ ಈಚೆಗೆ ದಾಟುತ್ತದೆ. 1600 × 0.3 = 480 ಓಮ್. ಪ್ರೈಮರಿಯ 210 ಈಚೆಯೇ ಇದೆ, ಅದು ಹಾಗೇ ಸೇರುತ್ತದೆ. ಒಟ್ಟು 6400 + 480 + 210 = 7090 ಓಮ್. ಸ್ಪೀಕರಿಗೆ ಮುಟ್ಟುವುದು 7090ರಲ್ಲಿ 6400 ಪಾಲು, ಸುಮಾರು ಶೇ. 90.

ಮೀಟರಿನಲ್ಲಿ ಲೆಕ್ಕಕ್ಕೇ ಇಲ್ಲದ ಹಾಗೆ ಕಂಡ 0.3 ಓಮ್, ಎದ್ದು ಕಂಡ 210 ಓಮಿಗಿಂತ ಎರಡು ಪಟ್ಟಿಗೂ ಹೆಚ್ಚು ತಿನ್ನುತ್ತಿದೆ! ಸೆಕೆಂಡರಿಗೆ ದಪ್ಪ ತಂತಿ ಸುತ್ತುವುದು ಇದಕ್ಕೇ. ಸ್ಪೀಕರಿಗೆ ಹೋಗುವ ತಂತಿ, ಸಡಿಲ ಬೆಸುಗೆ ಎಲ್ಲಾ 1600 ಪಟ್ಟಾಗಿಯೇ ಕಾಣುತ್ತವೆ.

ಅರೆಬರೆ | ಭಾನುವಾರ ರಾತ್ರಿ 10:10

4 ಮಿಲಿಆಂಪಿಯರ್ ನೋಡಿಡಿ ಅಂದಿದ್ದು ಯಾಕೆ? ಸ್ಪೀಕರ್ ಇಲ್ಲದಿದ್ದರೆ ಆಚೆ ರೋಧ ಅನಂತ, ಅದನ್ನು 1600ರಿಂದ ಗುಣಿಸಿದರೂ ಅನಂತ. ಕರೆಂಟೇ ಹೋಗಬಾರದಿತ್ತು.

ತಂತಿಸುರುಳಿ | ಭಾನುವಾರ ರಾತ್ರಿ 10:34

ಆದರ್ಶ ಟ್ರಾನ್ಸ್‌ಫಾರ್ಮರಿನಲ್ಲಿ ಹೋಗುತ್ತಿರಲಿಲ್ಲ. ನಿಜದ್ದರಲ್ಲಿ ಕೋರನ್ನು ಕಾಂತವಾಗಿಸಲು ಸ್ವಲ್ಪ ಬೇಕು. 12.8 ÷ 0.004 = 3200 ಓಮ್, 50 ಹರ್ಟ್ಜಿನಲ್ಲಿ. ಅಂದರೆ ಪ್ರೈಮರಿಯ ಇಂಡಕ್ಟೆನ್ಸ್ (ಬದಲಾಗುವ ಕರೆಂಟಿಗೆ ಸುರುಳಿ ಒಡ್ಡುವ ಅಡ್ಡಿಯ ಅಳತೆ) ಸುಮಾರು 10 ಹೆನ್ರಿ. ಇದು ಲೋಡಿಗೆ ಪ್ಯಾರಲಲ್ ಆಗಿ ಕೂತಿರುತ್ತದೆ. 1000 ಹರ್ಟ್ಜಿನಲ್ಲಿ ಇದು 63,000 ಓಮ್ ಸುಮಾರು, ಲೆಕ್ಕಕ್ಕಿಲ್ಲ. ಕೆಳಗೆ 50 ಹರ್ಟ್ಜಿಗೆ ಬಂದರೆ 3200, ಲೋಡಿಗಿಂತ ಸುಲಭದ ದಾರಿ. ಕರೆಂಟ್ ಅಲ್ಲಿಂದಲೇ ಹೋಗುತ್ತದೆ, ಸ್ಪೀಕರಿಗೆ ಸಿಗುವುದಿಲ್ಲ. ಚಿಕ್ಕ ಟ್ರಾನ್ಸ್‌ಫಾರ್ಮರಿನಲ್ಲಿ ಬೇಸ್ ಬರದಿರುವುದು ಇದಕ್ಕೇ. ವಾಲ್ವಿನ ಡಿಸಿ ಕರೆಂಟ್ ಪ್ರೈಮರಿಯಲ್ಲಿ ಹರಿಯುವಾಗ ಪರಿಸ್ಥಿತಿ ಇನ್ನೂ ಬಿಗಿ. ಕೋರ್ ತುಂಬಿಹೋಗದಿರಲಿ ಅಂತ ಒಂಟಿ ವಾಲ್ವಿನ ಟ್ರಾನ್ಸ್‌ಫಾರ್ಮರಿನಲ್ಲಿ ಸಣ್ಣ ಸಂದು ಬಿಟ್ಟಿರುತ್ತಾರೆ.

ಅನುಪಾತ ಎಷ್ಟೇ ಸರಿ ಇರಲಿ, ಸುತ್ತುಗಳ ಸಂಖ್ಯೆಯೂ ಸಾಕಷ್ಟು ಇರಬೇಕು. 40 ಸುತ್ತಿಗೆ 1 ಸುತ್ತು ಕೂಡ 40:1 ಆಗುತ್ತದೆ, ಆದರೆ ಕೇಳುವ ಆವರ್ತನದಲ್ಲಿ ಅದು ಬರೀ ಶಾರ್ಟ್.

ಹೊಸಬೆಸುಗೆ | ಬುಧವಾರ ರಾತ್ರಿ 9:50

ಆಂಪ್ಲಿಫೈಯರ್ ಕಟ್ಟುವ ಮುಂಚೆ ಒಂದು ಪ್ರಯೋಗ ಮಾಡಿದೆ. 210ರ ಭೂತ ತಲೆಯಿಂದ ಇಳಿಯಲೇಬೇಕಿತ್ತು.

ಫೋನಿನ ಹೆಡ್‌ಫೋನ್ ತೂತಿನಿಂದ 400 ಹರ್ಟ್ಜಿನ ಸ್ವರ, ಮೀಟರಿನಲ್ಲಿ ಸರಿಯಾಗಿ 1 ವೋಲ್ಟ್ ಬರುವ ಹಾಗೆ ಇಟ್ಟೆ. ಸೀರೀಸಿನಲ್ಲಿ 10,000 ಓಮ್ ರೆಸಿಸ್ಟರ್, ಆಮೇಲೆ ಪ್ರೈಮರಿ. ಮೀಟರ್ ಪ್ರೈಮರಿಯ ಮೇಲೆ. ಸೆಕೆಂಡರಿಯಲ್ಲಿ ಸ್ಪೀಕರ್ ಬದಲು ಎರಡು 8 ಓಮ್ ರೆಸಿಸ್ಟರ್ ಪ್ಯಾರಲಲ್.

ಸೆಕೆಂಡರಿ ಖಾಲಿ ಬಿಟ್ಟಾಗ 0.93 ವೋಲ್ಟ್.
4 ಓಮ್ ಸಿಕ್ಕಿಸಿದಾಗ 0.41.
ಶಾರ್ಟ್ ಮಾಡಿದಾಗ 0.06.

ಈಚೆ ನಾನು ಏನನ್ನೂ ಮುಟ್ಟಲಿಲ್ಲ. ಆಚೆ ತಂತಿ ತೆಗೆದು ಹಾಕಿದ ಹಾಗೆಲ್ಲಾ ಈಚೆಯ ಅಂಕಿ ಕುಣಿಯುತ್ತಿತ್ತು. ಒಂದು ಹತ್ತು ಸಲ ಸುಮ್ನೆ ಮಾಡಿದೆ, ನೋಡುವುದಕ್ಕೇ ಖುಷಿ.

ಲೆಕ್ಕಪಟ್ಟಿ | ಬುಧವಾರ ರಾತ್ರಿ 10:04

7090 ÷ 17,090 = 0.415. ಇಂಡಕ್ಟೆನ್ಸ್ ಸೇರಿಸಿದರೆ 0.41. ಶಾರ್ಟಿಗೆ 690 ÷ 10,690 = 0.065. ನಾನು ಇವತ್ತು ಬೇಗ ಮಲಗುತ್ತೇನೆ.

ಹಳೇವಾಲ್ವ್ | ಬುಧವಾರ ರಾತ್ರಿ 10:15

ಚೆನ್ನಾಗಿದೆ. ಈಗ ಕಟ್ಟುವಾಗ ಒಂದು ಮಾತು. ಖಾಲಿ ಬಿಟ್ಟಾಗ 0.93ಕ್ಕೆ ಏರಿತಲ್ಲ, ಅದನ್ನು ನೆನಪಿಡಿ. ಆಂಪ್ಲಿಫೈಯರ್ ಹಾಡುತ್ತಿರುವಾಗ ಸ್ಪೀಕರ್ ತಂತಿ ಕಳಚಿಕೊಂಡರೆ ವಾಲ್ವಿಗೆ ಎದುರಾಗುವ ರೋಧ ಹೀಗೆಯೇ ಒಮ್ಮೆಲೇ ಏರುತ್ತದೆ. ನಿಮ್ಮ 6ವಿ6ರಂಥ ಪೆಂಟೋಡ್ ಜಾತಿಯ ವಾಲ್ವುಗಳು ಕರೆಂಟ್ ತಳ್ಳುತ್ತಲೇ ಇರುತ್ತವೆ. ಪ್ರೈಮರಿಯಲ್ಲಿ ನೂರಾರು ವೋಲ್ಟ್ ಎದ್ದು ಒಳಗಿನ ಇನ್ಸುಲೇಶನ್ ತೂತಾಗಬಹುದು. ಆಗ ನಿಜವಾಗಿಯೂ ಸುಟ್ಟ ಟ್ರಾನ್ಸ್‌ಫಾರ್ಮರ್ ಆಗುತ್ತದೆ. ಸೆಕೆಂಡರಿಗೆ ಅಡ್ಡಲಾಗಿ ಒಂದು 100 ಓಮ್, 5 ವ್ಯಾಟ್ ರೆಸಿಸ್ಟರ್ ಖಾಯಂ ಬೆಸೆದುಬಿಡಿ. 4 ಓಮ್ ಎದುರಿಗೆ ಅದು ತಿನ್ನುವುದು ಬಹಳ ಕಡಿಮೆ.

ಹೊಸಬೆಸುಗೆ | ಮುಂದಿನ ಭಾನುವಾರ ಸಂಜೆ 6:35

ಹಾಡುತ್ತಿದೆ! ಎರಡು ಸ್ಪೀಕರ್, ಅವಕ್ಕೆ ಅಡ್ಡಲಾಗಿ 100 ಓಮ್ ಬೆಸೆದಿದ್ದೇನೆ. ಒಂದು ಸ್ಪೀಕರ್ ತೆಗೆದೂ ಕೇಳಿದೆ. ಸ್ವಲ್ಪ ಏರಿಸಿದ ಕೂಡಲೇ ದನಿ ಒಡೆಯುತ್ತದೆ, ಗೋಡೆ ತಗಲುವುದು ಕಿವಿಗೇ ಗೊತ್ತಾಗುತ್ತದೆ. ಎರಡನ್ನೂ ಹಾಕಿದರೆ ರೂಮು ತುಂಬುತ್ತದೆ.

ಟ್ರಾನ್ಸ್‌ಫಾರ್ಮರಿಗೆ ಹೊಸ ಚೀಟಿ ಅಂಟಿಸಿದೆ. "5000 ಓಮ್" ಅಂತ ಬರೆಯಲು ಹೊರಟು ಪೆನ್ನು ನಿಲ್ಲಿಸಿದೆ. "40:1" ಅಂತ ಮಾತ್ರ ಬರೆದೆ.

ಅಲೆಮಾರಿ_ಆಂಟೆನಾ | ಮುಂದಿನ ಭಾನುವಾರ ಸಂಜೆ 6:52

ಪಕ್ಕದಲ್ಲಿ "ಸುತ್ತು" ಅಂತಲೂ ಬರೆದುಬಿಡಿ. ನನ್ನಂಥವರ ಕೈಗೆ ಸಿಕ್ಕರೆ ಕಷ್ಟ.